ಮೇಲುಸಿರನ್ನು ಉಸಿರಾಟವೆಂದು ನಂಬಬೇಡಿ

ಮಾನ್ಯ ಸಂಪಾದಕರೇ,

‘ಕುಸಿದು ಬಿದ್ದು ಸಾವು’ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡಾಗಲೆಲ್ಲ ನನ್ನ ಕಿವಿಯಲ್ಲಿ ಒಂದು ಶಬ್ದ ಮೊಳಗುತ್ತದೆ. ಅಣ್ಣ ಮನೆಯಲ್ಲಿ ಬಿದ್ದ ದಿನ ನಾನು ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದೆ. ಅತ್ತಿಗೆ ಗಾಬರಿಯಿಂದ ಫೋನ್ ಮಾಡಿದರು. ಅವರ ಮಾತಿನ ಹಿಂದೆ ಗೊರಕೆಯಂಥ ಒಂದು ಉಸಿರು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು. ‘ಎದೆ ಒತ್ತಿ ಅತ್ತಿಗೆ’ ಎಂದು ಕೂಗಿದೆ. ‘ಉಸಿರಾಡುತ್ತಿದ್ದಾರಲ್ಲ, ಒತ್ತಿದರೆ ಅದೂ ನಿಂತುಬಿಟ್ಟರೆ?’ ಎಂದರು. ನಾನು ಬೇಡಿಕೊಳ್ಳುತ್ತಿದ್ದೆ, ಅವರು ಹೆದರುತ್ತಿದ್ದರು. ಅಷ್ಟರಲ್ಲಿ ನಿಮಿಷಗಳು ಕಳೆದುಹೋದವು.

ಅವರದು ತಪ್ಪಲ್ಲ. ಮೂವತ್ತು ವರ್ಷ ಶುಶ್ರೂಷಕಿಯಾಗಿದ್ದ ನಾನೇ ಮನೆಯವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಹೃದಯ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಆದರೆ ಮಿದುಳಿನ ಬುಡದ ಭಾಗ ಆಮ್ಲಜನಕಕ್ಕಾಗಿ ಹಪಹಪಿಸುತ್ತಾ ಇನ್ನೂ ಕೆಲವು ನಿಮಿಷ ಆಗೊಂದು ಈಗೊಂದು ಉಸಿರನ್ನು ಎಳೆಯುತ್ತಿರುತ್ತದೆ. ಗದ್ದ ಜಾರಿ ಬಾಯಿ ತೆರೆದುಕೊಳ್ಳುತ್ತದೆ. ಕೈಕಾಲು ಅದುರುವುದೂ ಉಂಟು, ಅದನ್ನು ಫಿಟ್ಸ್ ಎಂದುಕೊಳ್ಳುತ್ತಾರೆ. ನಮ್ಮ ಹಿರಿಯರು ಮೇಲುಸಿರು ಎಂದು ಕರೆದದ್ದು ಇದನ್ನೇ. ಬಿದ್ದವರು ಕರೆದರೆ ಓಗೊಡದೆ ಹೀಗೆ ಉಸಿರೆಳೆಯುತ್ತಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಬೇಕು. ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಊರಿ ಒತ್ತಲು ಶುರುಮಾಡಲಿ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಎದೆ 5 ಸೆಂಟಿಮೀಟರಾದರೂ ಕೆಳಗಿಳಿಯುವಂತೆ. ಹೃದಯ ಬಡಿಯುತ್ತಲೇ ಇದ್ದವರ ಎದೆಯನ್ನು ತಿಳಿಯದೆ ಒತ್ತಿದರೂ ದೊಡ್ಡ ಅಪಾಯವಾಗುವುದು ಅಪರೂಪ. ಅತ್ತಿಗೆಯ ಪ್ರಶ್ನೆಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಇದು.

1999ರಲ್ಲಿ ನಾರ್ವೆಯಲ್ಲಿ ಮಂಜುಗಡ್ಡೆಯಡಿ 80 ನಿಮಿಷ ಸಿಕ್ಕಿಬಿದ್ದ ವೈದ್ಯೆ ಆನಾ ಬಾಗೆನ್‌ಹೋಲ್ಮ್ ಬದುಕಿದರು. ಅವರ ಮೈ ತಾಪ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಷ್ಟು ತಣ್ಣಗಾದ ಮಿದುಳಿಗೆ ಬೇಕಾಗುವ ಆಮ್ಲಜನಕ ತೀರಾ ಕಡಿಮೆ. ಮನೆಯ ನೆಲದ ಮೇಲೆ ಬೆಚ್ಚಗೆ ಬಿದ್ದಿರುವವರಿಗೆ ಆ ಕಾಲಾವಕಾಶವಿಲ್ಲ. ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ.

ಬಹುಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದು, ಇನ್ನು ಚಿಕಿತ್ಸೆ ಬೇಡವೆಂದು ತೀರ್ಮಾನವಾದವರ ಮೇಲುಸಿರಿನ ಮಾತು ಬೇರೆ. ಅಲ್ಲಿ ಎದೆ ಒತ್ತಿ ಪಕ್ಕೆಲುಬು ಮುರಿಯುವುದು ಹಿಂಸೆ. ಗಂಟಲಿನ ಗೊರಗೊರ ಸದ್ದು ಕೇಳುವ ನಮಗೆ ಸಂಕಟವಾಗುತ್ತದೆ, ಆ ಹೊತ್ತಿಗೆ ಎಚ್ಚರ ತಪ್ಪಿರುವ ಅವರಿಗೆ ಸಾಮಾನ್ಯವಾಗಿ ಅದರ ಅರಿವಿರುವುದಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕುಳಿತರೆ ಸಾಕು.

ಅತ್ತಿಗೆ ಈಚೆಗೆ ತರಬೇತಿಗೆ ಹೋಗಿದ್ದರು. ಗೊಂಬೆಯ ಎದೆಯ ಮೇಲೆ ಕೈಯಿಟ್ಟು, ‘ಇಷ್ಟು ಜೋರಾಗಿ ಒತ್ತಬೇಕಾಗಿತ್ತೇ?’ ಎಂದು ನನ್ನನ್ನು ಕೇಳಿದರು.

ಕುಸಿದು ಬಿದ್ದು ಸತ್ತವರ ಸುದ್ದಿ ಪ್ರಕಟಿಸುವಾಗ ಅದರ ಕೆಳಗೆ ಮೇಲುಸಿರಿನ ಬಗ್ಗೆ ಎರಡು ಸಾಲು ಹಾಕಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ಶುಶ್ರೂಷಕಿ