ನೆಲ ಕುಸಿಯೋ ಸುದ್ದಿ ನಮ್ಮ ಮಾತಲ್ಲಿ ಬರ್ಲಿ

ಮಾನ್ಯ ಸಂಪಾದಕರೇ,

ಪರ್ಮಾಫ್ರಾಸ್ಟ್ ಕರಗ್ತಿರೋ ಸುದ್ದಿ ಬಂದಾಗೆಲ್ಲ ಬಿಡದೆ ಓದ್ತೀನಿ. ಉತ್ತರ ಧ್ರುವದ ಕಡೆ ಕಡೇಪಕ್ಷ ಎರಡು ವರ್ಷ ಒಂದೇ ಸಮ ಹೆಪ್ಪುಗಟ್ಟೇ ಇರೋ ನೆಲ ಅದು, ಒಳಗಿನ ಐಸ್ ಕರಗಿದ್ರೆ ಮೇಲಿರೋ ಮನೆ, ರಸ್ತೆ, ಪೈಪು ಎಲ್ಲ ಕುಸಿಯುತ್ತೆ. ಸುದ್ದೀಲಿ ಮಾತ್ರ ಯಾವಾಗ್ಲೂ ದೊಡ್ಡ ಲೆಕ್ಕವೇ, ಅಲ್ಲಿ ಹೂತಿರೋ ಇಂಗಾಲ ಗಾಳೀಲಿರೋದರ ಸುಮಾರು ಎರಡರಷ್ಟು ಅಂತ. ಅದೂ ಗೊತ್ತಿರ್ಬೇಕು, ಆದ್ರೆ ಅಲ್ಲಿ ಮನೆ ಕಟ್ಕೊಂಡೋರಿಗೆ ಬೇಕಾಗಿರೋದು ನಮ್ಮನೆ ಅಡಿ ಎಷ್ಟು ಐಸ್ ಇದೆ, ಇನ್ನೆಷ್ಟು ವರ್ಷ ತಡೆಯುತ್ತೆ ಅನ್ನೋದು.

ಅಲಾಸ್ಕಾದ ನ್ಯೂಟಾಕ್ ಅನ್ನೋ ಊರಿನ ಜನ 2019ರಿಂದ ಮನೆಮಠ ಬಿಟ್ಟು ಮೆರ್ಟಾರ್ವಿಕ್ ಅನ್ನೋ ಹೊಸ ಜಾಗಕ್ಕೆ ಹೋದ್ರು. ನೆಲ ಕರಗಿ, ನೀರು ಕೊರೆದು, ದಡ ಒಟ್ಟಿಗೇ ಕುಸಿಯೋದಕ್ಕೆ ಅಲ್ಲಿನ ಯೂಪಿಕ್ ಜನ 'ಉಸ್ತೆಕ್' ಅಂತಾರೆ, ಅಲಾಸ್ಕಾ ಸರ್ಕಾರ ತನ್ನ ವಿಪತ್ತು ಯೋಜನೇಲಿ ಆ ಪದಾನೇ ಸೇರಿಸ್ಕೊಂಡಿದೆ. ನನಗೆ ಬಹಳ ಹಿಡಿಸಿದ್ದು ಇದು.

ನಮ್ಮಲ್ಲೂ ಪದ ಇದೆಯಲ್ಲ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೇಲಿ, ನಮ್ಮನೆ ಹಿಂದಿನ ಧರೇಲಿ, ಅಂದ್ರೆ ಗುಡ್ಡ ಕಡಿದ ಮಣ್ಣಿನ ಗೋಡೇಲಿ, ಜಲ ಎದ್ದಿತ್ತು, ಒಳಗಿಂದ ನೀರು ಒಸರ್ತಿತ್ತು. ಬೆಳಿಗ್ಗೆ ತಿಳಿ ನೀರು, ಸಾಯಂಕಾಲದ ಹೊತ್ತಿಗೆ ಟೀ ಬಣ್ಣ ಬಂತು, ಅಮ್ಮ ನೋಡಿ ಜಲ ಕದಡಿದೆ ಇಲ್ಲಿ ಮಲಗೋದು ಬೇಡ ಅಂದ್ರು, ದನ ಬಿಚ್ಚಿ ನೆಂಟರ ಮನೆಗೆ ಹೋದ್ವಿ, ಬೆಳಕು ಹರಿಯೋಷ್ಟರಲ್ಲಿ ಕೊಟ್ಟಿಗೆ ತುಂಬ ಮಣ್ಣು. ಫೋನಿಗೆ ಬಂದಿದ್ದು ಇಡೀ ಜಿಲ್ಲೆಗೊಂದು ಅಲರ್ಟ್ ಅಷ್ಟೇ. ಜಿಲ್ಲೆ ಅಂದ್ರೆ ಬಯಲುಸೀಮೆ ಕಡೂರೂ ಬಂತು ಮಲೆನಾಡಿನ ಮೂಡಿಗೆರೇನೂ ಬಂತು, ಆ ಎರಡರ ಮಳೆ ಒಂದೇನಾ ಹೇಳಿ?

ನಾನು ಕೇಳೋದು ಇಷ್ಟೇ. ಭೂವಿಜ್ಞಾನಿಗಳು ವರದೀಲಿ ಬರೆಯೋದನ್ನ ಹೋಬಳಿ ಲೆಕ್ಕಕ್ಕೆ ಇಳಿಸಿ, ನಿಮ್ಮ ಪತ್ರಿಕೇಲಿ ಹಾಕಿ. ಮೂರು ದಿನದಲ್ಲಿ ಎಷ್ಟು ಇಂಚು ಬಿದ್ರೆ ಯಾವ ಗುಡ್ಡದ ಕೆಳಗಿನೋರು ಏಳ್ಬೇಕು, ಮನೆಗೆ ಅಂತ ಕಡಿದ ಧರೆ ಎಷ್ಟು ಎತ್ತರ ಇದ್ರೆ ಅಪಾಯ, ಜಲ ಕದಡಿದ್ರೆ ಯಾರಿಗೆ ಫೋನ್ ಮಾಡ್ಬೇಕು, ಇದನ್ನ ಪುನರ್ವಸು ಮಳೆಗೆ ಮುಂಚೆ ಹಾಕಿ, ಗುಡ್ಡ ಜರಿದ ಮೇಲಲ್ಲ. ವಿಜ್ಞಾನಿಗಳೂ ಒಂದ್ಸಲ ತೋಟಗಳಿಗೆ ಬರ್ಲಿ, ಇಲ್ಲಿ ಎಷ್ಟೋ ಮನೇಲಿ ದಿನದಿನದ ಮಳೆ ಇಂಚು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟಿದಾರೆ. ನಮ್ಮಪ್ಪ 1987ರಿಂದ ಬರೆದ ಪುಸ್ತಕಗಳು ನನ್ನ ಹತ್ರ ಇವೆ, ಯಾರಾದ್ರೂ ಕೇಳಿದ್ರೆ ಜೆರಾಕ್ಸ್ ಮಾಡಿಸಿ ನಾನೇ ತಂದುಕೊಡ್ತೀನಿ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು