ಆ್ಯಪ್ ಆರಿಸುವ ಮುನ್ನ ಹೊರಬರುವ ದಾರಿ ನೋಡಿ

ಮಾನ್ಯ ಸಂಪಾದಕರೇ,

ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯ ಹಳೆಯ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳು ಇಂದಿಗೂ ಇವೆ. ತಾತ ಬರೆದದ್ದನ್ನು ಮೊಮ್ಮಗ ಯಾರ ಅಪ್ಪಣೆಯೂ ಇಲ್ಲದೆ ಓದಬಲ್ಲ. ಈಗ ಕಾಫಿ ಹೂ ಅರಳಿಸುವ ಹೂಮಳೆಯ ದಿನಾಂಕ, ಬಟವಾಡೆ ಲೆಕ್ಕ, ಸಂಘದ ಠರಾವು ಎಲ್ಲವೂ ವಾಟ್ಸ್‌ಆ್ಯಪ್ ಗುಂಪುಗಳಿಗೂ ಉಚಿತವಾಗಿ ಸಿಗುವ ಆ್ಯಪ್‌ಗಳಿಗೂ ಸೇರುತ್ತಿರುವುದರಿಂದ, ಈ ದಾಖಲೆಗಳು ಮುಂದೆಯೂ ನಮ್ಮ ಕೈಯಲ್ಲೇ ಉಳಿಯುತ್ತವೆಯೇ ಎಂದು ಬೆಳೆಗಾರರ ಸಂಘಗಳು ಮತ್ತು ಸಹಕಾರ ಸಂಘಗಳು ಗಂಭೀರವಾಗಿ ಯೋಚಿಸಬೇಕಾಗಿದೆ.

ಉಚಿತ ಜಾಲತಾಣಗಳ ಪೈಕಿ ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದವು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್ ಮಾದರಿಯ 'ಕೂ' ಜಾಲತಾಣ ಕೂಡ 2024ರಲ್ಲಿ ನಿಂತುಹೋಯಿತು. ಮುಚ್ಚದಿದ್ದರೂ ನಿಯಮ ಬದಲಾಗಬಹುದು: ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಚಿತ್ರ ಇಡುವ ಉಚಿತ ಸೌಲಭ್ಯ 2021ರ ಜೂನ್‌ನಲ್ಲಿ ಕೊನೆಗೊಂಡಿತು.

ಕನ್ನಡಿಗರಾದ ನಮಗಂತೂ ಇದರ ಅನುಭವ ಹಳೆಯದು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ ಪದ್ಧತಿ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಎಷ್ಟೋ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ. ಪರಿವರ್ತಿಸದ ಹೊರತು ಅವುಗಳಲ್ಲಿ ಒಂದು ಹೆಸರನ್ನು ಹುಡುಕುವುದೂ ಆಗದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಕೊಟ್ಟಿದೆ. ಆದರೆ ಒಂದು ಸೇವೆಯಿಂದ ಇನ್ನೊಂದಕ್ಕೆ ಮಾಹಿತಿಯನ್ನು ಒಯ್ಯುವ ಹಕ್ಕು 2019ರ ಮಸೂದೆಯಲ್ಲಿದ್ದರೂ ಈ ಕಾಯ್ದೆಯಲ್ಲಿ ಇಲ್ಲ. ಇದು ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ. ಸರ್ಕಾರ ಇದನ್ನು ಸರಿಪಡಿಸಬೇಕು.

ಯಾರೂ ವಾಟ್ಸ್‌ಆ್ಯಪ್ ಬಿಡಬೇಕಾಗಿಲ್ಲ. ಮಾತುಕತೆ ಅಲ್ಲಿ ನಡೆಯಲಿ, ದಾಖಲೆ ಮಾತ್ರ ಬೇರೆ ಕಡೆ ಇರಲಿ. ಲೆಕ್ಕಪತ್ರಗಳನ್ನು ಲಿಬ್ರೆಆಫೀಸ್‌ನಂತಹ ಮುಕ್ತ ತಂತ್ರಾಂಶದಲ್ಲಿ, ಯೂನಿಕೋಡ್ ಕನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ಸಂಘದ ಕಂಪ್ಯೂಟರಿನಲ್ಲೂ ಇನ್ನೊಂದನ್ನು ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲೂ ಇಡಬಹುದು; ಲಿಬ್ರೆಆಫೀಸ್ ಬಳಸುವ ಓಡಿಎಫ್ ಎಂಬ ಕಡತ ಮಾದರಿಗೆ 2006ರಿಂದಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಮಾನ್ಯತೆ ಇರುವುದರಿಂದ ಅಂಥ ಕಡತವನ್ನು ತೆರೆಯಲು ಒಂದೇ ಕಂಪನಿಯನ್ನು ನೆಚ್ಚಬೇಕಾಗಿಲ್ಲ. ಹೊಸ ಆ್ಯಪ್ ಕೊಳ್ಳುವ ಪ್ರಸ್ತಾವ ಮಹಾಸಭೆಗೆ ಬಂದಾಗ, ಒಂದು ತಿಂಗಳ ಲೆಕ್ಕವನ್ನು ಅದರಿಂದ ಹೊರತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸುವಂತೆ ಮಾರಲು ಬಂದವರನ್ನು ಸದಸ್ಯರು ಕೇಳಲಿ, ತೋರಿಸಲಾಗದಿದ್ದರೆ ಆ ಪ್ರಸ್ತಾವವನ್ನು ಕೈಬಿಡಲಿ.

— ಕಾಫಿ ಬೆಳೆಗಾರ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ