ಗೆಳೆಯನಿಗೊಂದು ಪತ್ರ: ಅಮ್ಮನಿಗೆ ಪರೀಕ್ಷೆ ಇಡಬೇಡ ಮಾರಾಯ

ಪ್ರಿಯ ರಘು,

ಶಿವಮೊಗ್ಗಕ್ಕೆ ಹೋದವನು ನಿಮ್ಮ ಮನೆಗೂ ಹೋಗಿಬಂದೆ. ಅಲ್ಜೈಮರ್ಸ್ ಅನ್ನುವ ಮರೆವಿನ ಕಾಯಿಲೆಯಲ್ಲವೇ, ಅಮ್ಮ ನನ್ನನ್ನು ತಮ್ಮ ತಮ್ಮನೆಂದೇ ತಿಳಿದರು. ನಾನೂ ಅಲ್ಲ ಅನ್ನಲಿಲ್ಲ. ತಮ್ಮನಿಗೆ ಚಕ್ಕುಲಿ ಎರಡು ಜಾಸ್ತಿಯೇ ಸಿಕ್ಕಿತು, ಬಿಡು.

ನೀನು ವಿಡಿಯೋ ಕಾಲ್ ಮಾಡಿದಾಗಲೆಲ್ಲ "ಅಮ್ಮಾ, ನಾನ್ಯಾರು ಹೇಳು ನೋಡೋಣ" ಅಂತೀಯಂತೆ. ಅದನ್ನು ಮೊದಲು ನಿಲ್ಲಿಸು. ಹೆಸರು ನೆನಪಾಗುವುದಿಲ್ಲ, ನೆನಪಾಗುತ್ತಿಲ್ಲ ಅನ್ನುವುದು ಮಾತ್ರ ಅವರಿಗೆ ಗೊತ್ತಾಗುತ್ತದೆ. ಫೋನ್ ಇಟ್ಟ ಮೇಲೆ ಸೆರಗು ಹಿಂಡುತ್ತಾ ಕೂತುಬಿಡುತ್ತಾರಂತೆ. "ನಾನು ರಘು, ಊಟ ಆಯ್ತಾ" ಅನ್ನು, ಸಾಕು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಟ್ಟೆ ಗಂಟು ಕಟ್ಟಿ ಬಾಗಿಲಿಗೆ ಬಂದರು. "ಮನೆಗೆ ಹೋಗ್ತೀನಿ, ಅಪ್ಪಯ್ಯ ಕಾಯ್ತಿರ್ತಾರೆ." ನಿಮ್ಮಣ್ಣ "ಅಜ್ಜ ಹೋಗಿ ಯಾವ ಕಾಲವಾಯ್ತು" ಅಂದುಬಿಟ್ಟರು. ಅಮ್ಮ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅತ್ತರು. ಅತ್ತಿಗೆ ಒಳಗಿನಿಂದ ಬಂದು, "ಬನ್ನಿ ಅತ್ತೆ, ಹೋಗೋಣ" ಅಂತ ಚಪ್ಪಲಿ ಹಾಕಿಸಿ, ರಸ್ತೆ ಕೊನೆಯ ಗಣಪತಿ ಗುಡಿ ತನಕ ನಡೆಸಿಕೊಂಡು ಹೋಗಿ ಬಂದರು. ಗೇಟು ಕಂಡಾಗ "ಮನೆ ಬಂತು" ಅಂದದ್ದು ಅಮ್ಮನೇ.

ಕಳೆದ ತಿಂಗಳು ಎರಡೇ ದಿನದಲ್ಲಿ ಅಮ್ಮ ತೀರಾ ಬದಲಾದರು, ಕಾಯಿಲೆ ಮುಂದಿನ ಹಂತಕ್ಕೆ ಹೋಯಿತು ಅಂತ ನೀನು ಹೆದರಿದ್ದೆ. ಅದು ಮೂತ್ರದ ಸೋಂಕು. ಅಲ್ಜೈಮರ್ಸ್ ಹಾಗೆ ರಾತ್ರೋರಾತ್ರಿ ಏರುವುದಿಲ್ಲ, ತಿಂಗಳು-ವರ್ಷಗಳಲ್ಲಿ ಸವೆಸುತ್ತದೆ. ದಿಢೀರನೆ ಗೊಂದಲ ಹೆಚ್ಚಿದರೆ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು, ಹೊಸ ಮಾತ್ರೆ ಇವನ್ನು ಮೊದಲು ನೋಡಬೇಕು, ಅದೂ ತಡಮಾಡದೆ ಡಾಕ್ಟರ ಹತ್ತಿರ. ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತರುವ, ಮಂಪರು ಬರಿಸುವ ಮಾತ್ರೆಯೂ ಈ ವಯಸ್ಸಿನಲ್ಲಿ ತಲೆ ಕೆಡಿಸುತ್ತದೆ. ರಾತ್ರಿ ಗಲಾಟೆಗೆ "ಏನಾದರೂ ಸ್ಟ್ರಾಂಗ್ ಆಗಿ ಬರೆಸಿ" ಅಂದೆಯಂತೆ. ಅಂಥ ಮಾತ್ರೆಗಳಿಂದ ಬೀಳುವ, ಪಾರ್ಶ್ವವಾಯು ಹೊಡೆಯುವ ಅಪಾಯ ಹೆಚ್ಚು. ಬೇರೆ ದಾರಿಯೇ ಇಲ್ಲದಾಗ ಡಾಕ್ಟರು ಕೊಡುತ್ತಾರೆ, ನಾವಾಗಿ ಕೇಳಿ ಪಡೆಯುವ ಔಷಧಿ ಅದಲ್ಲ.

ಇನ್ನು ಅತ್ತಿಗೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಅಲ್ಜೈಮರ್ಸ್‌ನಂಥ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇದೆ ಅನ್ನುತ್ತದೆ 2023ರಲ್ಲಿ ಪ್ರಕಟವಾದ ಲೆಕ್ಕ. ಅವರನ್ನೆಲ್ಲ ನೋಡಿಕೊಳ್ಳುತ್ತಿರುವವರು ಹೆಚ್ಚಾಗಿ ಇಂಥ ಸೊಸೆಯಂದಿರು, ಹೆಂಡತಿಯರು, ಹೆಣ್ಣುಮಕ್ಕಳೇ. 70 ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಕಾರ್ಡಿನ ಐದು ಲಕ್ಷವೂ ಆಸ್ಪತ್ರೆಗೆ ಸೇರಿದರೆ ಮಾತ್ರ. ಮನೆಯಲ್ಲಿ ಸ್ನಾನ ಮಾಡಿಸುವ ಕೈಗೆ ಅಲ್ಲ. ಅತ್ತಿಗೆಗೆ ಬೆನ್ನುನೋವು, ನಿದ್ದೆಯಿಲ್ಲ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ. "ಅದಕ್ಕೂ ಪುರುಸೊತ್ತು ಬೇಕಲ್ಲ" ಅಂದರು.

ಹಗಲಿಗೊಬ್ಬ ಆಯಾ ಬೇಕು, ಸಂಬಳ ನೀನು ಕೊಡು. ದಸರೆಗೆ ಬರ್ತೀಯಲ್ಲ, ಆಗ ಅತ್ತಿಗೆಯನ್ನು ಸಾಗರಕ್ಕೆ, ತವರಿಗೆ ಕಳಿಸಿ ನೀನೇ ಅಮ್ಮನ ಜೊತೆ ಇರು. ಸ್ನಾನಕ್ಕೆ ಹೆಗಲ ಮೇಲೆ ಟವೆಲ್ ಹೊದಿಸಿ ಮೊದಲು ಪಾದಕ್ಕೆ ನೀರು ಹಾಕಬೇಕು. ಒಮ್ಮೆಲೇ ತಲೆಗೆ ಸುರಿದರೆ ಹೆದರಿ ಕಿರುಚುತ್ತಾರೆ. ಬಚ್ಚಲಿನ ಒಳಗಿನ ಚಿಲಕ ನಾನು ಬಿಚ್ಚಿಸಿ ಬಂದಿದ್ದೇನೆ. ಆಯಾ ವಿಷಯಕ್ಕೆ ಈ ವಾರವೇ ಅಣ್ಣನ ಹತ್ತಿರ ಮಾತಾಡು.

ನಿನ್ನ,
ಸುರೇಶ